ದಬ್ಬಣ, ಫೋರ್ಕ್, ಕಡಗೋಲು: ತೊಗಲಿನ ಕೆಲಸವನ್ನು ಮನೆಯಲ್ಲೇ ಶುರು ಮಾಡುವುದು

ಪಾಂಡವಪುರದ ಹತ್ತಿರ ಇರುವ ನಮ್ಮ ಊರಿನ ಮನೆಯ ಅಟ್ಟ ಗುಡಿಸುವಾಗ ತಾತನ ಎತ್ತಿನ ಗೆಜ್ಜೆ ಪಟ್ಟಿ ಸಿಕ್ಕಿತು. ಮೂರು ಬೆರಳಗಲ. ಎರಡು ಪದರ ತೊಗಲು, ಅದರ ಮೇಲೆ ಹನ್ನೊಂದು ಹಿತ್ತಾಳೆ ಗೆಜ್ಜೆ. ತೊಗಲು ಒಣಗಿ ಹಪ್ಪಳದ ಹಾಗೆ ಆಗಿತ್ತು, ಬಗ್ಗಿಸಿದರೆ ಸೀಳು ಬಿಡುತ್ತಿತ್ತು. ಆದರೆ ಹೊಲಿಗೆ ಮಾತ್ರ ಒಂದು ಕಡೆಯೂ ಬಿಟ್ಟಿರಲಿಲ್ಲ. ಸ್ಕೇಲ್ ಇಟ್ಟು ಎಣಿಸಿದೆ. ಇಂಚಿಗೆ 5 ಹೊಲಿಗೆ. ಈ ತುದಿಯಿಂದ ಆ ತುದಿಯವರೆಗೂ ಐದೇ.

ತಾತನ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯ ಹೆಸರು ಮನೆಯಲ್ಲಿ ಎಲ್ಲರಿಗೂ ನೆನಪಿದೆ: ಮಾರ, ಬೂದ. ಹೇಮಗಿರಿ ಜಾತ್ರೆಗೆ ಹೋಗಿ ಬಂದದ್ದನ್ನು ಅಮ್ಮ ಈಗಲೂ ಹೇಳುತ್ತಾರೆ. ಪಟ್ಟಿ ಹೊಲಿದವರು ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಅವರ ಹೆಸರನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಅವರನ್ನು ಊರಾಚೆ ಇಟ್ಟು, ಅವರ ಕೈಕೆಲಸವನ್ನು ಎತ್ತಿನ ಕೊರಳಿಗೆ ಕಟ್ಟಿ ಮೆರೆದಿದ್ದೇವೆ. ಅದು ನನ್ನನ್ನು ಬಹಳ ದಿನ ಕಾಡಿತು. ಆ ಹೊಲಿಗೆಯನ್ನು ಕಲಿಯಲೇಬೇಕು ಅನ್ನಿಸಿದ್ದು ಹಾಗೆ.

ನಾನು ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಮೊದಲು ಎಲ್ಲರ ಹಾಗೆ ನಾನೂ ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿದೆ. ಡಬ್ಬದ ತುಂಬ ಸಾಮಾನು. ತೂತು ಹಾಕುವ ಉಳಿಯ ಹಲ್ಲು ಮೊದಲ ದಿನವೇ ಬಾಗಿತು. ಚಾಕು ತೊಗಲನ್ನು ಕೊಯ್ಯುವ ಬದಲು ಜಗ್ಗುತ್ತಿತ್ತು. ಅದನ್ನು ಎತ್ತಿಟ್ಟು, ಬಸ್ ಸ್ಟ್ಯಾಂಡ್ ಹತ್ತಿರ ಕೂತು ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರ ಮುಂದೆ ಇದ್ದದ್ದು ತೊಗಲು ಕೊಯ್ಯುವ ಒಂದು ರಂಪಿಗೆ, ಎರಡು ದಬ್ಬಣ, ಚಪ್ಪಲಿ ಕವುಚಿಟ್ಟು ಬಡಿಯುವ ಒಂದು ಕಬ್ಬಿಣದ ಮೂರುಕಾಲು, ಮೇಣದ ಉಂಡೆ, ದಾರ. ಅಷ್ಟೇ. ಅವರು ಹೇಳಿದ ಮೊದಲ ಮಾತು: "ತೂತು ಸರಿಯಾಗಿ ಹಾಕಿ ಮೇಡಂ, ಹೊಲಿಗೆ ಅದರ ಹಿಂದೆ ಬರ್ತದೆ." ಎರಡು ವರ್ಷದ ಮೇಲೆ ನಾನೂ ಅದನ್ನೇ ಹೇಳುತ್ತೇನೆ. ದುಡ್ಡು ಖರ್ಚು ಮಾಡುವುದಾದರೆ ಒಳ್ಳೆಯ ತೊಗಲಿಗೆ ಮಾಡಿ. ಸಮಯವನ್ನು ತೂತಿಗೆ ಕೊಡಿ. ಉಳಿದದ್ದೆಲ್ಲ ಮನೆಯಲ್ಲೇ ಇದೆ.

ಯಾವ ತೊಗಲು?

ಹಸಿ ಚರ್ಮ ಕೊಳೆಯದ ಹಾಗೆ ಹದ ಮಾಡಿದರೆ ಅದು ನಮಗೆ ಬೇಕಾದ ತೊಗಲು. ಹದ ಮಾಡುವುದರಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು ತೊಗಟೆಯ ಹದ. ನಮ್ಮ ದಕ್ಷಿಣದಲ್ಲಿ ಹಿಂದಿನಿಂದ ತಂಗಡಿ ತೊಗಟೆ ಬಳಸುತ್ತಿದ್ದರು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುತ್ತದಲ್ವಾ, ಆವರಿಕೆ ಅಂತಲೂ ಕರೆಯುತ್ತಾರೆ, ಅದೇ ಗಿಡ. ಕೊನೆಗೆ ಅಳಲೆಕಾಯಿ ನೀರಲ್ಲಿ ನೆನೆಸುತ್ತಿದ್ದರು. ಎರಡರಲ್ಲೂ ಟ್ಯಾನಿನ್ ಇದೆ. ಕಡು ಟೀ ಕುಡಿದಾಗ ನಾಲಿಗೆ ಒಗರಾಗುವುದು ಇದೇ ಟ್ಯಾನಿನ್‌ನಿಂದ. ತೊಗಟೆಯ ಹದಕ್ಕೆ ವಾರಗಟ್ಟಲೆ ಬೇಕು. ಇನ್ನೊಂದು ಕ್ರೋಮ್ ಹದ. ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನದಲ್ಲೇ ಮುಗಿಯುತ್ತದೆ. ಈಗಿನ ಮೆತ್ತಗಿನ ಬ್ಯಾಗು, ಜಾಕೆಟ್, ಶೂ ಮೇಲ್ಭಾಗ ಎಲ್ಲ ಹೆಚ್ಚಾಗಿ ಕ್ರೋಮ್.

ಕಲಿಯುವವರಿಗೆ ತೊಗಟೆಯ ಹದದ್ದೇ ಬೇಕು. ಅದು ಗಟ್ಟಿಯಾಗಿ ನಿಲ್ಲುತ್ತದೆ, ಗೆರೆ ಎಳೆದರೆ ಗೆರೆ ಉಳಿಯುತ್ತದೆ, ಅಂಚು ಉಜ್ಜಿದರೆ ಹೊಳೆಯುತ್ತದೆ. ಕ್ರೋಮ್ ತೊಗಲಿನ ಅಂಚನ್ನು ನೀವು ಸಂಜೆವರೆಗೆ ಉಜ್ಜಿದರೂ ನಾರು ನಾರಾಗಿಯೇ ಇರುತ್ತದೆ.

ಯಾವುದು ಯಾವುದು ಅಂತ ತಿಳಿಯಲು ಬೆರಳಿನ ಉಗುರಿನಷ್ಟು ಚೂರು ಕತ್ತರಿಸಿ ಕುದಿಯುವ ನೀರಿಗೆ ಹಾಕಿ. ತೊಗಟೆಯ ಹದದ್ದಾದರೆ ನಿಮಿಷದೊಳಗೆ ಸುರುಟಿಕೊಂಡು ಚಿಕ್ಕದಾಗುತ್ತದೆ. ಕ್ರೋಮ್ ಆದರೆ ಸಾಮಾನ್ಯವಾಗಿ ಹಾಗೇ ಇರುತ್ತದೆ. ಕತ್ತರಿಸಿದ ಅಂಚನ್ನೂ ನೋಡಿ. ತೊಗಟೆಯದು ನಡುವಿನವರೆಗೆ ಕಂದು, ಕ್ರೋಮ್‌ನದು ಅನೇಕ ಸಲ ನಡುವೆ ನೀಲಿ ಬೂದು. ಕೆಲವರು ಸುಟ್ಟು ನೋಡುತ್ತಾರೆ. ಬೇಡ, ಕ್ರೋಮ್ ತೊಗಲಿನ ಹೊಗೆ ಮತ್ತು ಬೂದಿ ಒಳ್ಳೆಯದಲ್ಲ. ಹಿಂದುಗಡೆ ಬಟ್ಟೆ ಕಂಡರೆ ಅದು ತೊಗಲೇ ಅಲ್ಲ, ರೆಕ್ಸಿನ್.

ಮೈಸೂರಿಗೆ ಹೋದಾಗ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತು ಸಂಗ್ರಹಾಲಯ ತೆರೆದಿದ್ದರೆ ಅಲ್ಲಿನ ತೊಗಲುಗೊಂಬೆಗಳನ್ನು ನೋಡಿ. ಬೆಳಕು ಒಳಗಿಂದ ಹಾಯುವ ಆ ತೊಗಲನ್ನು ಹೀಗೆ ಹದ ಮಾಡಿರುವುದಿಲ್ಲ, ಮೇಕೆ ಚರ್ಮವನ್ನು ಹೆರೆದು, ಎಳೆದು ಕಟ್ಟಿ ಒಣಗಿಸಿರುತ್ತಾರೆ. ಅದು ಬೇರೆಯೇ ವಿದ್ಯೆ. ನೋಡಿದರೆ ಹದ ಅಂದರೆ ಏನು ಅನ್ನುವುದು ಕಣ್ಣಿಗೇ ತಿಳಿಯುತ್ತದೆ.

ದಪ್ಪ ಅಳೆಯಲು ಎಟಿಎಂ ಕಾರ್ಡ್ ಸಾಕು. ಒಂದು ಕಾರ್ಡ್ 0.76 ಮಿಲಿಮೀಟರ್. ಎರಡು ಕಾರ್ಡ್ ಜೋಡಿಸಿದಷ್ಟು ದಪ್ಪದ ತೊಗಲು ಪರ್ಸಿಗೆ, ಕಾರ್ಡ್ ಚೀಲಕ್ಕೆ. ನಾಲ್ಕು ಕಾರ್ಡಿನಷ್ಟು, ಅಂದರೆ ಸುಮಾರು 3 ಮಿಲಿಮೀಟರ್, ಬೆಲ್ಟಿಗೆ ಮತ್ತು ಪಟ್ಟಿಗೆ. ಇಡೀ ತೊಗಲು ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಮೊದಲಿಗೆ ಅದು ಬೇಡ. ಬೆಲ್ಟ್, ಬ್ಯಾಗ್ ಮಾಡುವವರ ಹತ್ತಿರ ಚೂರು ಕೇಳಿ, ತೂಕದ ಮೇಲೆ ಕೊಡುತ್ತಾರೆ. ಚೂರು ಆರಿಸುವಾಗ ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ. ಬೆನ್ನಿನ ಭಾಗದ್ದು ಬಿಗಿ, ಹೊಟ್ಟೆಯ ಭಾಗದ್ದು ಜಗ್ಗುತ್ತದೆ. ಪಟ್ಟಿಗೆ ಬೆನ್ನಿನದ್ದೇ ಆಗಬೇಕು.

ಮನೆಯಲ್ಲೇ ಇರುವ ಸಾಮಾನು

ಕೊಯ್ಯಲು ಸ್ಟೇಷನರಿ ಅಂಗಡಿಯ ತುಂಡು ತುಂಡಾಗಿ ಮುರಿಯುವ ಬ್ಲೇಡಿನ ದಪ್ಪ ಕಟರ್ ತನ್ನಿ. ಮೊಂಡಾದ ತುಂಡನ್ನು ಮುರಿದು ಬಿಸಾಕಿ, ಜಿಪುಣತನ ಬೇಡ. ಮೊಂಡು ಬ್ಲೇಡು ಜಾರಿ ಕೈ ಕೊಯ್ಯುವುದು ಜಾಸ್ತಿ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಒಂದೇ ಸಲಕ್ಕೆ ಕತ್ತರಿಸಲು ಹೋಗದೆ ಮೂರು ಸಲ ಹಗುರವಾಗಿ ಎಳೆಯಿರಿ. ಕೆಳಗೆ ಹಳೆಯ ಪ್ಲಾಸ್ಟಿಕ್ ತರಕಾರಿ ಮಣೆ. ಬಡಿಯುವ ಕೆಲಸಕ್ಕೆ ಗ್ರಾನೈಟ್ ತುಂಡು. ಅಡುಗೆಮನೆ ಕಟ್ಟೆ ಮಾಡುವವರ ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಆದರೆ ಅದರ ಮೇಲೆ ಕೊಯ್ಯಬೇಡಿ, ಬ್ಲೇಡಿನ ಬಾಯಿ ಒಂದೇ ಎಳೆತಕ್ಕೆ ಹೋಗುತ್ತದೆ.

ಗೆರೆ ಎಳೆಯಲು ಮಕ್ಕಳ ಜಾಮೆಟ್ರಿ ಬಾಕ್ಸಿನ ಡಿವೈಡರ್. ಒಂದು ಮೊನೆ ತೊಗಲಿನ ಅಂಚಿನ ಹೊರಗೆ ಒರಗಿಸಿ, ಇನ್ನೊಂದನ್ನು ಮೇಲೆ ಇಟ್ಟು ಎಳೆದರೆ ಅಂಚಿನ ಉದ್ದಕ್ಕೂ ಒಂದೇ ದೂರದಲ್ಲಿ ಗೆರೆ ಬೀಳುತ್ತದೆ. ತೂತಿನ ಗುರುತಿಗೆ ಊಟದ ಫೋರ್ಕ್. ನಮ್ಮ ಮನೆಯ ಫೋರ್ಕಿನ ಹಲ್ಲಿನಿಂದ ಹಲ್ಲಿಗೆ ಸರಿಯಾಗಿ 5 ಮಿಲಿಮೀಟರ್. ಇಂಚಿಗೆ ಐದು, ತಾತನ ಪಟ್ಟಿಯ ಲೆಕ್ಕವೇ! ಅದನ್ನು ಅಳೆದ ದಿನ ನನಗಾದ ಖುಷಿ ಹೇಳಲು ಆಗುವುದಿಲ್ಲ. ನಿಮ್ಮ ಮನೆಯದನ್ನು ಅಳೆದು ನೋಡಿ, 4ರಿಂದ 5ರ ಒಳಗಿದ್ದರೆ ಸಾಕು.

ದಬ್ಬಣ ತಯಾರು ಮಾಡುವುದಕ್ಕೆ ಒಂದು ಸಂಜೆ ಮೀಸಲಿಡಿ. ಗೋಣಿಚೀಲ ಹೊಲಿಯುವ ದಬ್ಬಣವೇ ಆಗುತ್ತದೆ, ನೇರವಾಗಿರುವುದನ್ನು ಆರಿಸಿ. ಮುರಿದ ಲಟ್ಟಣಿಗೆಯ ಹಿಡಿಗೆ ಸಣ್ಣ ತೂತು ಕೊರೆದು ಕಣ್ಣಿನ ಕಡೆಯನ್ನು ಬಡಿದು ಕೂರಿಸಿ. ಹೊರಗೆ 4 ಸೆಂಟಿಮೀಟರ್ ಉಳಿದರೆ ಸಾಕು, ಉದ್ದ ಇದ್ದರೆ ಬಾಗುತ್ತದೆ. ಈಗ ತುದಿಯ 2 ಸೆಂಟಿಮೀಟರನ್ನು ಅರದಿಂದ ಉಜ್ಜಿ ನಾಲ್ಕು ಮುಖ ಮಾಡಿ. ತುದಿಯ ಕಡೆಯಿಂದ ನೋಡಿದರೆ ಇಸ್ಪೀಟಿನ ಡೈಮಂಡ್ ಆಕಾರ ಕಾಣಬೇಕು, ಚಪ್ಪಟೆ ಡೈಮಂಡ್. ದುಂಡು ತೂತಿನಲ್ಲಿ ದಾರ ಅಲ್ಲಾಡುತ್ತದೆ. ಡೈಮಂಡ್ ತೂತಿನಲ್ಲಿ ಮೂಲೆಗೆ ಹೋಗಿ ಕೂರುತ್ತದೆ, ಹೊಲಿಗೆಗೆ ಆ ಓರೆ ಸಾಲು ಬರುವುದು ಅದರಿಂದ. ಆಮೇಲೆ ಗಾಜಿನ ತುಂಡಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಇಟ್ಟು, 400, 800, 1500 ನಂಬರ್ ಹೀಗೆ ನಯ ಮಾಡುತ್ತಾ ಹೋಗಿ. ಕೊನೆಗೆ ತೊಗಲಿನ ಒರಟು ಬದಿಗೆ ಹಿತ್ತಾಳೆ ಹೊಳಪಿಸುವ ಬ್ರಾಸೊ ಸ್ವಲ್ಪ ಹಚ್ಚಿ ಅದರ ಮೇಲೆ ಮೂವತ್ತು ನಲವತ್ತು ಸಲ ಎಳೆಯಿರಿ. ಗ್ರೈಂಡರಿನಲ್ಲಿ ಉಜ್ಜುವವರು ಪ್ರತಿ ಕ್ಷಣಕ್ಕೂ ನೀರಲ್ಲಿ ಅದ್ದಬೇಕು. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅದರ ಕಸುವು ಹೋಯಿತು.

ಸೂಜಿ ಎರಡು ಬೇಕು, ದಪ್ಪನೆಯವು. ಎರಡರ ಮೊನೆಯನ್ನೂ ಕಲ್ಲಿಗೆ ಉಜ್ಜಿ ಮೊಂಡು ಮಾಡಿ. ತೂತು ಹಾಕುವುದು ದಬ್ಬಣದ ಕೆಲಸ, ಸೂಜಿಯದಲ್ಲ. ಚೂಪಾದ ಸೂಜಿ ಒಳಗಿರುವ ದಾರವನ್ನೇ ಚುಚ್ಚಿಬಿಡುತ್ತದೆ. ದಾರ ಚಪ್ಪಲಿ ಹೊಲಿಯುವವರು ಬಳಸುವ ನೈಲಾನ್. ಹತ್ತಿಯದು ಬೆವರಿಗೆ, ನೀರಿಗೆ ಕೊಳೆಯುತ್ತದೆ. ದಾರವನ್ನು ಜೇನುಮೇಣದ ಉಂಡೆಯ ಮೇಲೆ ಮೂರು ನಾಲ್ಕು ಸಲ ಎಳೆಯಿರಿ. ಮೇಣದಬತ್ತಿ ಆಗುವುದಿಲ್ಲ, ಪುಡಿ ಪುಡಿಯಾಗಿ ಉದುರುತ್ತದೆ.

ತೂತು, ಆಮೇಲೆ ಹೊಲಿಗೆ

ಮೊದಲ ವಾರ ನಾನು ಹೊಲಿಯಲೇ ಇಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಚೂರು ತೊಗಲಿಗೆ ನೂರು ತೂತು. ನೀವೂ ಹಾಗೇ ಮಾಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ತೊಗಲಿನ ಕೆಳಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಇಡಿ. ದಬ್ಬಣದ ತುದಿ ಹೊರಬಂದಾಗ ರಬ್ಬರಿಗೆ ಹೋಗುತ್ತದೆ, ಬೆರಳಿಗಲ್ಲ. ಎಡಗೈ ಯಾವತ್ತೂ ಮೊನೆಯ ಮುಂದೆ ಇರಬಾರದು. ಫೋರ್ಕಿನ ಮೊದಲ ಹಲ್ಲನ್ನು ಹಿಂದಿನ ಕೊನೆಯ ಗುರುತಿನಲ್ಲೇ ಇಟ್ಟು ಮುಂದಕ್ಕೆ ಒತ್ತುತ್ತಾ ಹೋಗಿ, ಆಗ ಅಂತರ ತಪ್ಪುವುದಿಲ್ಲ. ದಬ್ಬಣದ ಡೈಮಂಡನ್ನು ಗೆರೆಗೆ ಓರೆಯಾಗಿ ಹಿಡಿಯಿರಿ. ಮೊದಲ ತೂತಿಗೆ ಎಷ್ಟು ಓರೆಯೋ ಕೊನೆಯದಕ್ಕೂ ಅಷ್ಟೇ. ತುದಿಗೆ ಆಗಾಗ ಮೇಣ ಮುಟ್ಟಿಸಿದರೆ ಸಲೀಸಾಗಿ ಇಳಿಯುತ್ತದೆ.

ಮುಂದುಗಡೆ ನೋಡಿದರೆ ಎಲ್ಲರ ತೂತೂ ಚೆನ್ನಾಗಿರುತ್ತದೆ. ತಿರುಗಿಸಿ ನೋಡಿ. ಕೈ ಸ್ವಲ್ಪ ವಾಲಿದರೂ ಹಿಂದಿನ ಸಾಲು ಹಾವಿನ ಹಾಗೆ ಹರಿದಿರುತ್ತದೆ. ನನ್ನದು ಯಾವಾಗಲೂ ಬಲಕ್ಕೆ ವಾಲುತ್ತಿತ್ತು. ಆ ಹಿರಿಯರು ನೋಡಿ, ಕೂರುವ ರೀತಿ ಬದಲಿಸಿ ಅಂದರು. ಕೆಲಸ ಎದೆಯ ನೇರಕ್ಕೆ ಬರುವ ಹಾಗೆ ಕೂತ ಮೇಲೆ ಸರಿಯಾಯಿತು. ಮೂರು ತೂತಿಗೊಮ್ಮೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೊದಲ ವಸ್ತು ಕೀ ಪಟ್ಟಿ ಮಾಡಿ. 2.5 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಉದ್ದದ ತುಂಡು. ನಡುವೆ ಒದ್ದೆ ಬಟ್ಟೆಯಿಂದ ಒರೆಸಿ ಮಡಚಿ, ರಿಂಗ್ ಸೇರಿಸಿ. ರಿಂಗಿನ ಕಡೆ 2 ಸೆಂಟಿಮೀಟರ್ ಬಿಟ್ಟು ಉಳಿದ ಒಳಬದಿಗಳಿಗೆ ಚಪ್ಪಲಿ ಅಂಗಡಿಯ ಸೊಲ್ಯೂಷನ್ ತೆಳ್ಳಗೆ ಹಚ್ಚಿ. ಮಡಚಿದ ಜಾಗ ಒಣಗಿರಬೇಕು, ಕಿಟಕಿ ತೆಗೆದಿರಬೇಕು. ಹತ್ತು ನಿಮಿಷ ಬಿಡಿ. ಮುಟ್ಟಿದರೆ ಅಂಟದ ಹಾಗೆ ಆದಾಗ ಎರಡು ಬದಿ ಸೇರಿಸಿ ಗ್ರಾನೈಟ್ ಮೇಲೆ ಒತ್ತಿ. ಹಸಿ ಇದ್ದಾಗಲೇ ಸೇರಿಸಿದರೆ ಜಾರುತ್ತದೆ. ಅಂಟಿದ ಮೇಲೆ ಅಂಚಿನಿಂದ 4 ಮಿಲಿಮೀಟರ್ ಒಳಗೆ ಡಿವೈಡರ್ ಗೆರೆ, ಮೂರು ಕಡೆ. ಹೊಲಿಗೆಯ ದಾರಿ ಸುಮಾರು 15 ಸೆಂಟಿಮೀಟರ್. ದಾರ ಅದರ ನಾಲ್ಕು ಪಟ್ಟು, ಜೊತೆಗೆ ಒಂದು ಗೇಣು: 80 ಸೆಂಟಿಮೀಟರ್.

ಹೊಲಿಯುವಾಗ ಎರಡು ಕೈಯೂ ಬಿಡುವಾಗಿರಬೇಕು. ಹಳೆಯ ಮಂಚದ ಎರಡು ಪಟ್ಟಿಗಳನ್ನು ಕೆಳಗೆ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದೇನೆ. ತೊಗಲನ್ನು ಅವುಗಳ ಬಾಯಿಗೆ ಸಿಕ್ಕಿಸಿ ಮಂಡಿಗಳ ನಡುವೆ ಒತ್ತಿ ಹಿಡಿಯುತ್ತೇನೆ.

ಒಂದೇ ದಾರ, ಎರಡು ತುದಿಗೂ ಸೂಜಿ. ಮೊದಲ ತೂತಿನಲ್ಲಿ ಹಾಯಿಸಿ ಎರಡು ಕಡೆ ಉದ್ದ ಸಮ ಮಾಡಿ. ಎರಡನೆಯ ತೂತಿಗೆ ಎಡಗೈ ಸೂಜಿ ಮೊದಲು ಹೋಗಲಿ. ಅದು ಬಲಕ್ಕೆ ಬಂದ ಮೇಲೆ ಬಲಗೈ ಸೂಜಿಯನ್ನು ಅದೇ ತೂತಿಗೆ, ಆ ದಾರದ ಹಿಂದುಗಡೆಯಿಂದ ಹಾಕಿ. ಪೂರ್ತಿ ಎಳೆಯುವ ಮೊದಲು ಮೊದಲಿನ ದಾರವನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ ನೋಡಿ. ಆಡದಿದ್ದರೆ ಸೂಜಿ ಅದನ್ನು ಚುಚ್ಚಿದೆ, ಹಿಂದಕ್ಕೆ ತೆಗೆಯಿರಿ. ಆಡಿದರೆ ಎರಡು ಕೈಯಲ್ಲೂ ಒಟ್ಟಿಗೆ, ಒಂದೇ ಬಲದಲ್ಲಿ ಎಳೆಯಿರಿ. ದಾರ ತೊಗಲಿಗೆ ಕೂತಾಗ ಕಿರ್ ಅಂತ ಸಣ್ಣ ಸದ್ದು ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಎಳೆದರೆ ತೊಗಲು ಸುಕ್ಕಾಗುತ್ತದೆ. ಪ್ರತಿ ತೂತಿಗೂ ಇದೇ ಕ್ರಮ. ಒಂದು ಕಡೆ ಎಡಗೈ ಮೊದಲು, ಇನ್ನೊಂದು ಕಡೆ ಬಲಗೈ ಮೊದಲು ಮಾಡಿದರೆ ಸಾಲು ಅಲ್ಲೇ ಮುರಿದು ಕಾಣುತ್ತದೆ.

ಮಿಷನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಬೇರೆ ಬೇರೆ, ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡೆ ದಾರ ಸವೆದು ಕಿತ್ತರೆ ಅಕ್ಕಪಕ್ಕದ ಹೊಲಿಗೆಯೂ ಸಡಿಲವಾಗಿ ಬಿಚ್ಚಿಕೊಳ್ಳಬಹುದು. ಈ ಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ದಾರ ಎರಡು ಸಲ ಹಾದಿರುತ್ತದೆ. ಒಂದು ಕಡೆ ಸವೆದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ತಾತನ ಪಟ್ಟಿ ಬಿಡದೆ ಉಳಿದದ್ದು ಇದರಿಂದಲೇ.

ಕೊನೆಗೆ ಬಂದ ದಾರಿಯಲ್ಲೇ ಮೂರು ತೂತು ಹಿಂದಕ್ಕೆ ಹೊಲಿದು, ದಾರವನ್ನು 2 ಮಿಲಿಮೀಟರ್ ಬಿಟ್ಟು ಕತ್ತರಿಸಿ, ಬೆಂಕಿಕಡ್ಡಿ ಹತ್ತಿರ ಹಿಡಿದು ಕರಗಿಸಿ ಚಮಚದ ಬೆನ್ನಿನಿಂದ ಒತ್ತಿ. ತೊಗಲಿಗೆ ಬಿಸಿ ತಾಗಬಾರದು.

ಅಂಚು, ಬಣ್ಣ, ಎಣ್ಣೆ

ಅಂಚಿಗೆ ಉಪ್ಪುಕಾಗದ 220, ಆಮೇಲೆ 400, 600. ಬೆರಳಲ್ಲಿ ನೀರು ಹಚ್ಚಿ ಕಡಗೋಲಿನಿಂದ ಉಜ್ಜಿ. ನಮ್ಮ ಅಜ್ಜಿಯ ಕಡಗೋಲಿನ ಕಡ್ಡಿಯಲ್ಲಿ ಹಗ್ಗ ಸುತ್ತಿ ಸುತ್ತಿ ಕಚ್ಚು ಬಿದ್ದಿದೆ. ತೊಗಲಿನ ಅಂಚು ಆ ಕಚ್ಚಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಜೋರಾಗಿ ಒತ್ತಬೇಡಿ, ಬೇಗ ಬೇಗ ಉಜ್ಜಿ, ಬಿಸಿಯಾಗಬೇಕು. ಎರಡು ನಿಮಿಷದಲ್ಲಿ ಎರಡು ಪದರದ ನಡುವಿನ ಗೆರೆ ಮಾಯವಾಗಿ, ಅಂಚು ಹುಣಸೆ ಬೀಜದ ಹಾಗೆ ಹೊಳೆಯುತ್ತದೆ. ಆಮೇಲೆ ಸ್ವಲ್ಪ ಜೇನುಮೇಣ ಸವರಿ ಬಟ್ಟೆಯಿಂದ ತಿಕ್ಕಿ.

ಕಪ್ಪು ಬಣ್ಣಕ್ಕೆ ಮಂಡ್ಯದವರು ಅಂಗಡಿಗೆ ಹೋಗಬೇಕಿಲ್ಲ. ಆಲೆಮನೆ ಬೆಲ್ಲ ಒಂದು ಉಂಡೆ, ಅರ್ಧ ಲೀಟರ್ ನೀರು, ಒಂದು ಹಿಡಿ ತುಕ್ಕು ಹಿಡಿದ ಮೊಳೆ. ಎರಡು ಮೂರು ವಾರ ಹುಳಿಯಲು ಬಿಡಿ. ಕಬ್ಬಿಣ ಆ ಹುಳಿಯಲ್ಲಿ ಕರಗುತ್ತದೆ. ತೊಗಟೆಯ ಹದದ ತೊಗಲಿಗೆ ಹಚ್ಚಿದರೆ ಒಳಗಿನ ಟ್ಯಾನಿನ್ ಜೊತೆ ಸೇರಿ ಕಣ್ಣೆದುರೇ ಕಪ್ಪಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆಗೂ ಬೆಲ್ಲ ಕಬ್ಬಿಣದ ನೀರೇ. ಇದನ್ನು ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೆ ಮಾಡಿ ತೋರಿಸಿದ್ದೇನೆ, ಪೀರಿಯಡ್ ಮುಗಿದರೂ ಯಾರೂ ಏಳಲಿಲ್ಲ. ಬಾಟಲಿಯ ಬಾಯಿಗೆ ಬಟ್ಟೆ ಮಾತ್ರ ಕಟ್ಟಿ. ಮೊದಲ ಸಲ ನಾನು ಮುಚ್ಚಳ ಬಿಗಿದಿಟ್ಟಿದ್ದೆ. ಆರನೇ ದಿನ ಒಳಗಿನ ಗಾಳಿಗೆ ಬಾಟಲಿ ಒಡೆದು ಗಾಜು ಅಡುಗೆಮನೆ ತುಂಬ ಚೆಲ್ಲಿತು. ಯಾರೂ ಹತ್ತಿರ ಇರಲಿಲ್ಲ, ಪುಣ್ಯ. ಬಣ್ಣ ಹಚ್ಚಿ ಒಣಗಿದ ಮೇಲೆ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಆ ನೀರಲ್ಲಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿ. ಹುಳಿ ಉಳಿದರೆ ತೊಗಲು ಕಾಲಕ್ರಮೇಣ ಸೀಳುತ್ತದೆ.

ಎಣ್ಣೆ ಅಂದರೆ ಹರಳೆಣ್ಣೆ. ತಾತ ಹೊಸ ಎಕ್ಕಡ ತಂದರೆ ಹರಳೆಣ್ಣೆ ಹಚ್ಚದೆ ಮೆಟ್ಟುತ್ತಿರಲಿಲ್ಲ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಬಿಸಿ ಮಾಡಿ ತೆಳ್ಳಗೆ ಸವರಿ, ಎರಡು ದಿನ ನೆರಳಲ್ಲಿ ಬಿಡಿ. ಜಾಸ್ತಿ ಹಚ್ಚಿದರೆ ಜೋಲು ಬೀಳುತ್ತದೆ. ಮಳೆಗಾಲದಲ್ಲಿ ಬೂಸಲು ಕಂಡರೆ ಒಣ ಬಟ್ಟೆಯಿಂದ ಒರೆಸಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ.

ತಾತನ ಪಟ್ಟಿಗೂ ಹರಳೆಣ್ಣೆ ಹಚ್ಚಿ ನೋಡಿದೆ. ಸೀಳು ಬಿಟ್ಟ ತೊಗಲು ಎಣ್ಣೆಗೆ ಬದುಕುವುದಿಲ್ಲ. ಹಾಗಾಗಿ ಅದನ್ನೇ ಅಳತೆ ಇಟ್ಟುಕೊಂಡು, ಬೆನ್ನಿನ ಭಾಗದ 3 ಮಿಲಿಮೀಟರ್ ತೊಗಲಿನಲ್ಲಿ ಹೊಸ ಪಟ್ಟಿ ಕೊಯ್ದೆ. ಗೆಜ್ಜೆ ಕಟ್ಟಲು ಸಣ್ಣ ಬಾರು ಬೇಕಿತ್ತು. ಅದಕ್ಕೆ ಉದ್ದನೆಯ ತೊಗಲು ಬೇಡ. ಅಂಗೈ ಅಗಲದ ದುಂಡು ಚೂರನ್ನು ಹೊರಗಿನಿಂದ ಒಳಕ್ಕೆ ಚಕ್ಕುಲಿ ಸುತ್ತಿನ ಹಾಗೆ ಕೊಯ್ಯುತ್ತಾ ಹೋದರೆ ಮಾರುದ್ದದ ಬಾರು ಬರುತ್ತದೆ. ಒದ್ದೆ ಮಾಡಿ ಎಳೆದು ಕಟ್ಟಿ ಒಣಗಿಸಿದರೆ ನೇರವಾಗುತ್ತದೆ.

ನಾಲ್ಕು ಭಾನುವಾರ ಹಿಡಿಯಿತು. ಹನ್ನೊಂದು ಗೆಜ್ಜೆಯನ್ನೂ ಹುಣಸೆಹಣ್ಣಿನಲ್ಲಿ ತೊಳೆದು ಹೊಸ ಪಟ್ಟಿಗೆ ಕಟ್ಟಿದೆ. ಕಟ್ಟುವ ಮೊದಲು ಹಳೆಯದರ ಪಕ್ಕದಲ್ಲಿ ಹೊಸದನ್ನು ಇಟ್ಟು ಹೊಲಿಗೆಗೆ ಹೊಲಿಗೆ ಹೊಂದಿಸಿ ನೋಡಿದೆ. ಮೊದಲ ನಾಲ್ಕು ಬೆರಳಿನವರೆಗೆ ಎರಡೂ ಒಂದೇ. ಆಮೇಲೆ ನನ್ನವು ಕೂದಲೆಳೆಯಷ್ಟು ಹಿಂದೆ ಬೀಳುತ್ತಾ ಬಂದು, ಒಂದು ಗೇಣಿನ ಹೊತ್ತಿಗೆ ಅರ್ಧ ಹೊಲಿಗೆಯಷ್ಟು ಹಿಂದೆ ಇದ್ದವು. ನನ್ನ ಫೋರ್ಕಿನದು ಸರಿಯಾಗಿ 5 ಮಿಲಿಮೀಟರ್. ಅವರದು ಅದಕ್ಕಿಂತ ಒಂದಿಷ್ಟೇ ಇಷ್ಟು ಜಾಸ್ತಿ, ಕೊನೆಯವರೆಗೂ ಅಷ್ಟೇ ಜಾಸ್ತಿ.